ಅಕ್ಕನ ಫಾರಂನಲ್ಲಿ ನಾನು ಬರೆದ ‘ಇಲ್ಲ’

ನನ್ನ ರಕ್ತದ ಗುಂಪು ಮೊದಲು ಬಿ ಪಾಸಿಟಿವ್ ಇತ್ತು, ಈಗ ಓ ಪಾಸಿಟಿವ್. ತಿಪಟೂರಿನಲ್ಲಿ ಯಾರೋ ನಡೆಸಿದ ತಪಾಸಣಾ ಶಿಬಿರದಲ್ಲಿ ರಕ್ತ ನೋಡಿದ ಹುಡುಗಿ ನನ್ನ ಹಳೇ ಕಾರ್ಡನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, “ಎರಡ್ರಲ್ಲಿ ಒಂದು ತಪ್ಪಿದೆ ಮೇಡಂ” ಅಂದಳು. ಎರಡೂ ಸರಿ ಕಣಮ್ಮ, ಈಗ ನನ್ನ ಮೈಯಲ್ಲಿ ಓಡೋದು ನಮ್ಮಕ್ಕನ ರಕ್ತ ಅಂದೆ. ಪಾಪ, ಅವಳು ಇನ್ನೇನೂ ಕೇಳದೆ ಮುಂದಿನವರನ್ನು ಕರೆದಳು.

ತಪ್ಪು ಹುಡುಕುವುದು ನನ್ನ ಕಸುಬಾಗಿತ್ತು. ತಿಪಟೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೊಂದು ವರ್ಷ ಕನ್ನಡ ಟೈಪಿಂಗ್ ಹೇಳಿಕೊಟ್ಟೆ. ಒಂದು ಒತ್ತಕ್ಷರ ಕೆಳಗೆ ಜಾರಿದ್ದರೆ ಇಡೀ ಹಾಳೆ ಹರಿದು ಕೈಗೆ ಕೊಡುತ್ತಿದ್ದೆ. ಹುಡುಗಿಯರು ನನಗೆ ‘ಕೆಂಪಿಂಕು’ ಎಂದು ಹೆಸರಿಟ್ಟಿದ್ದರು, ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು. ಅಂಥ ನಾನು ನನ್ನ ಕೈಯಾರೆ ಬರೆದ ಒಂದು ತಪ್ಪು ನನ್ನ ಪ್ರಾಣಕ್ಕೇ ಬಂದಿತ್ತು. ಈಗಲೂ ನನ್ನಂತೆ ರಕ್ತದ ಕ್ಯಾನ್ಸರ್ ಬಂದವರ ಮನೆಯವರು ವಿಳಾಸ ಹುಡುಕಿಕೊಂಡು ಬರುತ್ತಾರೆ. ಕಾಫಿ ಕೊಟ್ಟು ಎಲ್ಲ ಹೇಳುತ್ತೇನೆ, ಇದೊಂದನ್ನು ಬಿಟ್ಟು. ಬಾಯಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಬೆರಳಿನಿಂದ. ಟೈಪ್‌ರೈಟರಿನ ಕೀಲಿ ಒತ್ತಿದ ಕಡೆಯೆಲ್ಲ ತುದಿ ನೀಲಿಗಟ್ಟತೊಡಗಿತು. ಆಮೇಲೆ ಹಲ್ಲುಜ್ಜಿದರೆ ರಕ್ತ, ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮವರು ಶಿವಣ್ಣ, ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ ಮಾಡುವವರು. ಉಂಡೆ ಕೊಬ್ಬರಿಯನ್ನು ಕೈಗೆ ತೆಗೆದುಕೊಂಡು ಒಂದು ಸಲ ಕುಟ್ಟಿದರೆ ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, “ಲಕ್ಷಾಂತರ ಕೊಬ್ಬರಿ ನೋಡಿದೀನಿ ಕಣೇ. ಪಕ್ಕದಲ್ಲೇ ಮಲಗ್ತಿದ್ದೋಳು ಗೊತ್ತಾಗ್ಲಿಲ್ವಲ್ಲ” ಎಂದು ಅತ್ತರು. ನನಗಿಂತ ಮೊದಲು ಅವರೇ ಅತ್ತದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಪಕ್ಕದ ರಾಜ್ಯದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಕಾಯುವ ಹಾಲ್‌ನಲ್ಲಿ ಕನ್ನಡವೇ ಕಿವಿಗೆ ಬೀಳುತ್ತಿರಲಿಲ್ಲ. ಒಂದು ದಿನ ಎದುರು ಬೆಂಚಿನ ಮುದುಕರೊಬ್ಬರು ಬಟ್ಟೆಬರೆಯನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಚೀಲದ ಮೇಲೆ ನಮ್ಮೂರ ಮಂಡಿಯ ಗುರುತು. ನಮ್ಮವರು ಎದ್ದು ಹೋಗಿ ಆ ಚೀಲವನ್ನು ಮುಟ್ಟಿ ನೋಡಿದರು. ಮುದುಕರಿಗೆ ಕನ್ನಡ ಬರದು, ಇವರಿಗೆ ಅವರ ಭಾಷೆ ಬರದು. ಆದರೂ ಇಬ್ಬರೂ ಅರ್ಧ ಗಂಟೆ ಕೊಬ್ಬರಿಯ ವಿಷಯ ಮಾತಾಡಿದರು. ಊರು ಬಿಟ್ಟು ಎರಡು ತಿಂಗಳಾದ ಮೇಲೆ ಅವರ ಮುಖದಲ್ಲಿ ಒಂದಿಷ್ಟು ಕಳೆ ಕಂಡದ್ದು ಅವತ್ತೇ.

ನನಗೆ ಬೇರೆಯವರ ಮೂಳೆಮಜ್ಜೆಯ, ರಕ್ತ ಹುಟ್ಟಿಸುವ ಮೂಲ ಕಣಗಳು ಬೇಕಾಗಿದ್ದವು. ಒಡಹುಟ್ಟಿದವರು ಅಂತ ಇದ್ದದ್ದು ಗಂಗಕ್ಕ ಒಬ್ಬಳೇ, ಅವಳದು ನನಗೆ ಪೂರ್ತಿ ಹೊಂದಿತು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮವ್ವ ತೀರಿಕೊಂಡಾಗ ನನಗೆ ಆರು ವರ್ಷ. ಕಂದಿಕೆರೆಯ ಮನೆಯಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ತನಗೆ ಕಾಗುಣಿತ ಬಾರದಿದ್ದರೂ ಪಕ್ಕದಲ್ಲಿ ಕೂತು ನನ್ನಿಂದ ಕಾಗುಣಿತ ಬರೆಸಿದವಳು ಅವಳು. ಅವಳನ್ನು ಹುಳಿಯಾರಿನ ಆಚೆ ಕುರಿ ಸಾಕುವವರ ಒಂದು ಹಟ್ಟಿಗೆ ಕೊಟ್ಟರು. ಮದುವೆಯಾಗಿ ಹೋದ ದಿನ ನಾನು ಅವಳ ಸೆರಗು ಹಿಡಿದುಕೊಂಡು ಗಾಡಿಯ ಹಿಂದೆ ಓಡಿದ್ದೆ. ಅವತ್ತು ಶುರುವಾದ ಹಂಬಲ ಪೂರ್ತಿ ಹೋಗಲೇ ಇಲ್ಲ. ದೊಡ್ಡವಳಾದ ಮೇಲೂ ಜ್ವರ ಬಂದರೆ ಬಾಯಿಗೆ ಬರುತ್ತಿದ್ದ ಹೆಸರು ಅಕ್ಕನದೇ.

ರಕ್ತ ಕೊಡುವ ಮುಂಚೆ ದಾನಿಯ ಫಾರಂ ತುಂಬಬೇಕಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ನಾನು ಓದಿ ಹೇಳುತ್ತಾ ಹೋದೆ, ಅವಳು ಉತ್ತರ ಕೊಡುತ್ತಾ ಹೋದಳು.

“ಕಾಮಾಲೆ ಆಗಿತ್ತಾ?”

“ಇಲ್ಲ.”

“ಕ್ಷಯ?”

“ಥೂ, ಬುಡ್ತು ಅನ್ನು. ಇಲ್ಲ.”

“ಚಿಕನ್ ಪಾಕ್ಸ್? ಸಿಡುಬು ಕಣಕ್ಕಾ, ಆ ಥರದ್ದು ಯಾವುದಾದ್ರೂ?”

“ಅಂಥ ಕಾಯ್ಲೆಗೀಯ್ಲೆ ಯಾವ್ದೂ ಇಲ್ಲ ಕಣೇ. ಗಟ್ಟಿಮುಟ್ಟಾಗಿವ್ನಿ. ಬರ್ಕೋ.”

ಬರೆದುಕೊಂಡೆ. ಸಾಲಾಗಿ ಇಲ್ಲ, ಇಲ್ಲ, ಇಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ನರ್ಸ್ ಹೊಗಳಿದ್ದಳು ಬೇರೆ.

ಅಕ್ಕನ ಎರಡೂ ತೋಳಿಗೆ ಸೂಜಿ ಚುಚ್ಚಿ ಒಂದು ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿಸಿದರು. ಯಂತ್ರ ರಕ್ತವನ್ನು ತಿರುಗಿಸಿ, ಬೇಕಾದ್ದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ವಾಪಸು ಕೊಡುತ್ತಿತ್ತು. “ಮೊಸರು ಕಡ್ದಂಗೆ ಕಡೀತದೆ ಕಣ್ರೀ. ಬೆಣ್ಣೆ ನಮ್ ಸರೋಜಿಗೆ, ಮಜ್ಜಿಗೆ ನಂಗೆ” ಎಂದು ನಮ್ಮವರಿಗೆ ಹೇಳಿದಳಂತೆ. ಆ ‘ಬೆಣ್ಣೆ’ ಒಂದು ಸಣ್ಣ ಚೀಲದಲ್ಲಿ ಬಂದು ನನ್ನ ಎದೆಯ ಕೊಳವೆಯಲ್ಲಿ ಇಳಿಯಿತು. ಅದಕ್ಕೆ ಮುಂಚೆ ಔಷಧಿ ಕೊಟ್ಟು ನನ್ನ ಮಜ್ಜೆಯನ್ನೆಲ್ಲ ಸುಟ್ಟುಹಾಕಿದ್ದರು. ಇನ್ನು ಮಕ್ಕಳಾಗುವುದಿಲ್ಲ ಎಂದೂ ಆಗಲೇ ಹೇಳಿದ್ದರು. ನಮಗೆ ಅಲ್ಲಿಯವರೆಗೂ ಆಗಿರಲಿಲ್ಲ, ಆದರೂ ಆಸೆ ಇತ್ತು. ಆ ಮಾತನ್ನು ನಾವಿಬ್ಬರೂ ಇವತ್ತಿನವರೆಗೂ ಮತ್ತೆ ಆಡಿಲ್ಲ.

ಹೊಸ ರಕ್ತ ಬೇರು ಬಿಟ್ಟಿತು. ಐದು ತಿಂಗಳ ಹೊತ್ತಿಗೆ ತಿಪಟೂರಿಗೆ ಬಂದೆ. ಬಾಯಿಗೆ ಮುಸುಕು, ಹಸಿ ತರಕಾರಿ ಇಲ್ಲ, ಎಳನೀರಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಅಟ್ಟದ ಮೇಲೆ ಒಣಗುವ ಕಾಯಿಯ ವಾಸನೆಯಾದರೂ ಕುಡಿಯೋಣ ಎಂದರೆ ಅಟ್ಟದ ಕೆಳಗೆ ಮಲಗಬೇಡಿ, ಧೂಳು, ಬೂಷ್ಟು ಎಂದಿದ್ದರು. ಊರಲ್ಲಿದ್ದೂ ಊರಿಗಾಗಿ ಹಂಬಲಿಸುವುದು ಹೇಗಿರುತ್ತದೆ ಎಂದು ಆಗ ತಿಳಿಯಿತು.

ಒಂದು ಬೆಳಿಗ್ಗೆ ಎಡ ಸೊಂಟ ಉರಿಯಿತು. ಸಂಜೆಗೆ ನೀರುಗುಳ್ಳೆಯ ಸಾಲು. ಪಕ್ಕದ ಮನೆಯವರು ಕಿಟಕಿಯಿಂದ ನೋಡಿದ್ದೇ, “ಸರ್ಪಸುತ್ತು ಕಣ್ರೀ ಇದು. ತುರುವೇಕೆರೆ ಹತ್ರ ಒಬ್ರು ಕೆಮ್ಮಣ್ಣಲ್ಲಿ ಬರೀತಾರೆ, ಕರ್ಕೊಂಡೋಗಿ” ಅಂದರು. ಬೇರೆ ಸಮಯವಾಗಿದ್ದರೆ ನಮ್ಮವರು ಕರೆದುಕೊಂಡು ಹೋಗುತ್ತಿದ್ದರೋ ಏನೋ. ಅವತ್ತು ಅಕ್ಕನಿಗೆ ಹೇಳಿಕಳಿಸಿ, ಅವಳನ್ನೂ ಕೂಡಿಸಿಕೊಂಡು ಆಸ್ಪತ್ರೆಗೆ ರೈಲು ಹತ್ತಿಸಿದರು.

ಸೊಂಟದಲ್ಲಿದ್ದ ಗುಳ್ಳೆ ಆಸ್ಪತ್ರೆ ತಲುಪುವಷ್ಟರಲ್ಲಿ ಬೆನ್ನು, ಎದೆ, ಮುಖಕ್ಕೆಲ್ಲ ಹರಡಿತ್ತು. ಚಿಕ್ಕಂದಿನಲ್ಲಿ ನನಗೆ ಬಂದು ಹೋದ ಚಿಕನ್ ಪಾಕ್ಸಿನ ವೈರಸ್ಸು ನರದಲ್ಲೆಲ್ಲೋ ಅಡಗಿದ್ದು, ಕಾವಲು ಕಾಯುವವರಿಲ್ಲದ್ದು ನೋಡಿ ಎದ್ದು ಬಂದಿದೆ ಎಂದರು ಡಾಕ್ಟರಮ್ಮ. ನನ್ನನ್ನು ಗಾಜಿನ ಕೋಣೆಯಲ್ಲಿ ಮಲಗಿಸಿದರು. ಅಕ್ಕ ಮುಸುಕು, ಗೌನು ಹಾಕಿಕೊಂಡು ಒಳಗೆ ಬಂದಳು. ನರ್ಸ್ ನನ್ನ ಬೆನ್ನಿನ ಬಟ್ಟೆ ಸರಿಸಿದಳು. ಅಕ್ಕ ನೋಡಿದಳು. ತಿರುಗಿ ಹೊರಗೆ ಹೋದವಳು ಮತ್ತೆ ಒಳಗೆ ಬರಲಿಲ್ಲ.

ದಿನವಿಡೀ ಗಾಜಿನ ಆಚೆ ವರಾಂಡದಲ್ಲಿ ಕೂರುತ್ತಿದ್ದಳು. ನಾನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ನಾನು ಕೈ ಸನ್ನೆ ಮಾಡಿ ಕರೆದೆ. ತಲೆ ಅಲ್ಲಾಡಿಸಿದಳು. ಅಸಹ್ಯವಾಯಿತೇ, ಹೆದರಿಕೆಯೇ? ನನಗೆ ಬೇಕಾಗಿದ್ದದ್ದು ಔಷಧಿಯಲ್ಲ, ಅವಳು ಒಂದು ಸಲ ನನ್ನ ತಲೆ ಮುಟ್ಟುವುದು. ಕೂದಲೇ ಇಲ್ಲದ ಆ ತಲೆಯನ್ನು ಅವಳ ತೊಡೆಯ ಮೇಲಿಟ್ಟು ಮಲಗಬೇಕು ಅನ್ನುವ ಆಸೆ ಎಷ್ಟು ಕಿತ್ತು ತಿನ್ನುತ್ತಿತ್ತೆಂದರೆ, ಗುಳ್ಳೆಯ ಉರಿಗಿಂತ ಅದೇ ಹೆಚ್ಚು ನೋಯುತ್ತಿತ್ತು. ರಕ್ತ ಕೊಡಲು ಬಂದವಳಿಗೆ ಕೈ ಕೊಡಲು ಏನು ಕಷ್ಟ ಎಂದು ಮನಸ್ಸಿನಲ್ಲೇ ಬೈದೆ.

ಐದನೆಯ ದಿನ ಕಿಡ್ನಿ ಮುನಿಸಿಕೊಂಡಿತು, ವೈರಸ್ಸಿನ ಔಷಧಿಯನ್ನು ಅರ್ಧ ಮಾಡಬೇಕಾಯಿತು. ಆರನೆಯ ದಿನ ಉಸಿರು ಬಿಗಿಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೂ ಚುಕ್ಕೆ. ಡಾಕ್ಟರಮ್ಮ ನಮ್ಮವರನ್ನೂ ಅಕ್ಕನನ್ನೂ ಗಾಜಿನ ಆಚೆ ನಿಲ್ಲಿಸಿಕೊಂಡು ಮಾತಾಡಿದರು. ಕೋಲಾರದ ಕಡೆಯ ನರ್ಸ್ ಪುಷ್ಪ ಕನ್ನಡಕ್ಕೆ ತಿರುಗಿಸಿದಳು, ನಾನು ಫೋನಿನಲ್ಲಿ ಕೇಳಿಸಿಕೊಂಡೆ.

ಉಳಿದಿರುವುದು ಒಂದೇ ದಾರಿ ಎಂದರು. ಅಕ್ಕನ ರಕ್ತದಿಂದ ಮತ್ತೆ ಒಂದಿಷ್ಟು ಬಿಳಿ ಕಣ ತೆಗೆದು ನನಗೆ ಕೊಡುವುದು. ಆ ಕಣಗಳು ಹಿಂದೆ ಎಂದಾದರೂ ಈ ವೈರಸ್ಸಿನ ಜೊತೆ ಹೋರಾಡಿದ್ದರೆ ಅದರ ಗುರುತು ಮರೆತಿರುವುದಿಲ್ಲ, ನನ್ನೊಳಗೆ ಬಂದೂ ಹೋರಾಡುತ್ತವೆ. ಹೋರಾಡಿರದಿದ್ದರೆ ಉಪಯೋಗವಿಲ್ಲ. ಅಷ್ಟೇ ಅಲ್ಲ, ವೈರಸ್ಸನ್ನು ಬಿಟ್ಟು ನನ್ನ ಮೈಯ ಮೇಲೆಯೇ ತಿರುಗಿ ಬೀಳಬಹುದು. ಈ ಸ್ಥಿತಿಯಲ್ಲಿ ಅದನ್ನು ನಾನು ತಡೆಯಲಾರೆ. ಅಕ್ಕನ ರಕ್ತವನ್ನು ಆ ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದ್ದಾರೆ, ವರದಿ ಬರಲು ಒಂದು ವಾರ. “ವಾರ ಕಾಯುವಷ್ಟು ಸಮಯ ನಮ್ಮ ಹತ್ತಿರ ಇಲ್ಲ” ಎಂದ ಡಾಕ್ಟರಮ್ಮ, ಕೈಯಲ್ಲಿದ್ದ ಫೈಲು ತೆಗೆದು ಅಕ್ಕನ ಫಾರಂ ನೋಡಿದರು. ಅಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ ಇತ್ತಲ್ಲ, ಇಲ್ಲ.

ಪುಷ್ಪ ಮತ್ತೊಮ್ಮೆ ಕೇಳಿದಳು: “ಯೋಚ್ನೆ ಮಾಡಿ ಹೇಳಿ ಅಮ್ಮಾ. ಚಿಕ್ಕಂದಿನಲ್ಲಾಗಲಿ, ಆಮೇಲಾಗಲಿ, ಮೈಮೇಲೆ ಈ ಥರ ಗುಳ್ಳೆ ಕಾಯಿಲೆ ಬಂದಿತ್ತಾ?”

ಅಕ್ಕ ಕೆನ್ನೆಗೆ ಬೆರಳು ಮುಟ್ಟಿಸಿಕೊಂಡು, “ಕಾಯ್ಲೆ ಅನ್ಬೇಡ ಕಣವ್ವ” ಅಂದಳು. ಮತ್ತೆ, “ನಂಗೆ ಯಾವ ಕಾಯ್ಲೆನೂ ಬಂದಿಲ್ಲ.”

ಡಾಕ್ಟರಮ್ಮ ಫೈಲು ಮುಚ್ಚಿದರು. ನಮ್ಮವರು ಗೋಡೆಗೆ ಒರಗಿಕೊಂಡರು.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಂತು. ನಮ್ಮವರು ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಮಾಡಿ ತರುತ್ತಿದ್ದ ಬೇಳೆಸಾರು, ಅನ್ನ. ಬಾಯಿ ಹುಣ್ಣಾಗಿದ್ದರೂ ಒಂದು ಚಮಚ ತೆಗೆದುಕೊಂಡೆ. ಸಾರಿಗೆ ಒಗ್ಗರಣೆ ಇರಲಿಲ್ಲ. ನಮ್ಮವರ ಸಾರಿನಲ್ಲಿ ಉಪ್ಪು ಇಲ್ಲದಿದ್ದೀತು, ಒಗ್ಗರಣೆ ಇಲ್ಲದಿರುವುದಿಲ್ಲ. ಫೋನಿನಲ್ಲಿ ಕೇಳಿದೆ, “ಒಗ್ಗರಣೆ ಯಾಕೆ ಹಾಕಿಲ್ಲ?”

“ನಿಮ್ಮಕ್ಕ ಬ್ಯಾಡ ಅಂದ್ರು. ನೀನು ಇಲ್ಲಿಗೆ ಬಂದಾಗ್ನಿಂದ ಹಾಕಿಲ್ಲ, ನಿಂಗೆ ಇವತ್ತು ಗೊತ್ತಾಯ್ತಾ? ಆಸ್ಪತ್ರೆ ಗೇಟ್ ಹತ್ರ ಬೇವಿನಸೊಪ್ಪು ಕಿತ್ಕೊಂಡು ಬಂದಿದ್ರು, ನರ್ಸಮ್ಮ ಒಳಕ್ಕೆ ಬಿಡ್ಲಿಲ್ಲ.”

ಬೇವಿನಸೊಪ್ಪು. ಒಗ್ಗರಣೆ ಇಲ್ಲದ ಸಾರು. ಕಾಯಿಲೆ ಅನ್ನಬೇಡ ಎಂದು ಕೆನ್ನೆ ಮುಟ್ಟಿಕೊಂಡದ್ದು. ಹನ್ನೊಂದು ವರ್ಷ ಹುಡುಗಿಯರ ಹಾಳೆಯಲ್ಲಿ ತಪ್ಪು ಹುಡುಕಿದ ನನಗೆ ನನ್ನ ಹಾಳೆಯ ತಪ್ಪು ಆಗ ಕಂಡಿತು. ನಾನು ಕೇಳಿದ ಪದವೇ ತಪ್ಪಾಗಿತ್ತು. ನಮ್ಮ ಕಡೆ ಈ ಗುಳ್ಳೆ ಎದ್ದರೆ ಅದು ಕಾಯಿಲೆಯಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಬಂದವಳನ್ನು ತಂಪಾಗಿ ಇರಿಸಿಕೊಂಡು, ಎಣ್ಣೆ ಕಾಯಿಸದೆ, ಜೋರಾಗಿ ಮಾತಾಡದೆ, ಮೊಸರನ್ನ ಕೊಟ್ಟು ಕಳಿಸಿಕೊಡುತ್ತಾರೆ. ಅವಳನ್ನು ಸಿಡುಬು ಎಂದು ಕರೆಯುವ ಬಾಯಿ ಅಕ್ಕನದಲ್ಲ. ಪೇಟೆಯಲ್ಲಿ ಓದಿದ ನಾನು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತಂದಿದ್ದೆ, ಅಕ್ಕನ ಭಾಷೆಗೆ ತಂದಿರಲಿಲ್ಲ.

“ಅಕ್ಕನ ಕೈಗೆ ಫೋನ್ ಕೊಡ್ರೀ” ಅಂದೆ.

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿನ ಮುಂದೆ ನಿಂತಳು. ನೆಲ ನೋಡುತ್ತಿದ್ದಳು.

“ಅಕ್ಕಾ, ನಿಂಗೆ ಅಮ್ಮ ಆಗಿತ್ತಾ?”

ಅವಳು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು.

“ಹೇಳಕ್ಕಾ. ನನ್ನ ಮೇಲಾಣೆ.”

“ಆಣೆಗೀಣೆ ಇಡಬ್ಯಾಡ. ಅವ್ಳು ನಿನ್ ಮೈಮ್ಯಾಲೆ ಕೂತವ್ಳೆ. ಕೇಳುಸ್ಕೋತಾಳೆ.”

“ಕೇಳಿಸ್ಕೊಳ್ಳಲಿ. ಆಗಿತ್ತಾ?”

“ಆಗಿದ್ಲು.”

“ಯಾವಾಗ?”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ನನ್ ಮಗ ಹೋದಾಗ” ಅಂದಳು. “ಮೊದ್ಲು ಅವ್ನಿಗೆ. ನಾಕೈದು ದಿನ ನೋಡಿ ಮೈತುಂಬ ಎದ್ಲು. ಆಮ್ಯಾಕೆ ನಂಗೂ ಎದ್ಲು. ನಾನು ಕಣ್ಬುಡೋ ಹೊತ್ಗೆ ಅವ್ನು ಇರ್ಲಿಲ್ಲ. ನಿನ್ ಬೆನ್ ನೋಡ್ದೆ ಕಣೇ ಸರೋಜಿ, ಅವ್ನ ಬೆನ್ನೇ ಕಂಡಂಗಾಯ್ತು.”

ಅಕ್ಕನಿಗೆ ಎರಡೂವರೆ ವರ್ಷದ ಗಂಡುಮಗು ಇತ್ತು. ಅವತ್ತಿಗೆ ಹದಿನಾಲ್ಕು ವರ್ಷದ ಹಿಂದೆ ಹೋಗಿತ್ತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಹಟ್ಟಿಗೆ ಹೋಗಿ ಬಂದ ಅಪ್ಪ, “ಜ್ವರ ಬಂದಿತ್ತಂತೆ” ಎಂದಷ್ಟೇ ಹೇಳಿ ಕಂಬಳಿ ಹೊದ್ದು ಮಲಗಿದ್ದರು. ಅಮ್ಮ ಕರೆದುಕೊಂಡ ಮಗುವಿಗೆ ಆ ಹಟ್ಟಿಯಲ್ಲಿ ಅಳುವುದಿಲ್ಲ. ಅತ್ತರೆ ಅವಳಿಗೆ ಕೋಪ ಬಂದು ಇನ್ನೊಂದು ಮನೆಗೆ ಹೋಗುತ್ತಾಳಂತೆ. ಹೆಸರು ಹೇಳುವುದಿಲ್ಲ, ತಿಥಿ ಮಾಡುವುದಿಲ್ಲ. ಅದಾದ ಮೇಲೆ ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳಾದರು. ಅವಳು ಆ ಮಗುವಿನ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಡಾಕ್ಟರಮ್ಮನಿಗೆ ಹೇಳಿಕಳಿಸಿದೆ. ಅವರು ಓಡಿಯೇ ಬಂದರು. ಅಕ್ಕನ ಹಣೆಯಂಚಿನಲ್ಲಿ, ಕಿವಿಯ ಹಿಂದೆ ಸಣ್ಣ ಗುಳಿಗಳಿದ್ದವು. ಪುಷ್ಪ ಬೆರಳಿನಿಂದ ಒಂದೊಂದನ್ನೇ ಮುಟ್ಟಿ ತೋರಿಸಿದಳು. ನಾನು ಆ ಗುಳಿಗಳನ್ನು ಎಷ್ಟು ಸಲ ನೋಡಿದ್ದೆನೋ.

ಮರುದಿನ ಅಕ್ಕನನ್ನು ಮತ್ತೆ ಅದೇ ಯಂತ್ರದ ಪಕ್ಕ ಮಲಗಿಸಿದರು. ಈ ಸಲ ಅವಳು ಬೆಣ್ಣೆ ಮಜ್ಜಿಗೆ ಎಂದು ತಮಾಷೆ ಮಾಡಲಿಲ್ಲವಂತೆ. ನನಗೆ ಬಂದದ್ದು ಒಂದು ಲೋಟದಷ್ಟೂ ಇರಲಿಲ್ಲ, ತಿಳಿಗೆಂಪು ನೀರು. ಅರ್ಧ ಗಂಟೆಯಲ್ಲಿ ಮುಗಿಯಿತು. ಇಷ್ಟಕ್ಕೇನಾ ಇಷ್ಟೆಲ್ಲ ಎಂದು ಕೇಳಿದ್ದಕ್ಕೆ ಪುಷ್ಪ, “ಇದು ಹೆಚ್ಚಾದ್ರೂ ಕಷ್ಟ ಸರೋಜಮ್ಮ, ಅಳೆದು ಕೊಟ್ಟಿದ್ದಾರೆ” ಅಂದಳು.

ಚೀಲ ಖಾಲಿಯಾಗುತ್ತಿದ್ದಂತೆ ಅಕ್ಕ ಒಳಗೆ ಬಂದಳು. ತೋಳಿಗೆ ಇನ್ನೂ ಹತ್ತಿ ಅಂಟಿಸಿತ್ತು. ಸ್ಟೂಲ್ ಎಳೆದುಕೊಂಡು ಕೂತು ಕೈಗವಸಿನ ಕೈಯನ್ನು ನನ್ನ ಬೋಳು ತಲೆಯ ಮೇಲೆ ಇಟ್ಟಳು. ಅದಕ್ಕಾಗಿ ಎಷ್ಟು ದಿನದಿಂದ ಕಾದಿದ್ದೆನೋ, ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು ಕೇಳಿದಳು.

“ಸರೋಜಿ, ಅವತ್ತು ಹಿಂಗೇ ನನ್ ರಕ್ತ ತಗ್ದು ಅವ್ನಿಗೆ ಕೊಟ್ಟಿದ್ರೆ ಉಳ್ಕೋತಿದ್ನಾ?”

ಇಲ್ಲ ಅನ್ನುವ ಮಾತು ಬಾಯಿಗೆ ಬಂದಿತ್ತು, ಆದರೆ ತಿಳಿಯದೆ ಒಂದು ಸಲ ‘ಇಲ್ಲ’ ಬರೆದು ಅನುಭವಿಸಿದ್ದೆ. ತಲೆಯ ಮೇಲಿದ್ದ ಅವಳ ಕೈ ಹಿಡಿದುಕೊಂಡೆ. ಅವಳು ಮತ್ತೆ ಕೇಳಲಿಲ್ಲ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಹೊಸ ಗುಳ್ಳೆ ಏಳಲಿಲ್ಲ. ಆಮೇಲೆ ಹಳೆಯವು ಬಾಡಿ ಕಪ್ಪಾದವು, ಉಸಿರಾಟ ಒಂದಿಷ್ಟು ಸಲೀಸಾಯಿತು. ಬೇರೆ ಊರಿಂದ ವರದಿಯೂ ಬಂತು, ಅಕ್ಕನ ರಕ್ತಕ್ಕೆ ಈ ವೈರಸ್ಸು ಚೆನ್ನಾಗಿ ಗೊತ್ತು ಎಂದು. ಮೂರು ವಾರಕ್ಕೆ ನನ್ನ ಅಂಗೈ ಅಂಗಾಲು ಕೆಂಪಗಾಗಿ ಸುಲಿದವು. ಅಕ್ಕನ ಕಣಗಳು ನನ್ನ ಚರ್ಮದ ಮೇಲೂ ಒಂದಿಷ್ಟು ಜಗಳ ತೆಗೆದವು. ಡಾಕ್ಟರಮ್ಮ ಅದಕ್ಕೂ ಔಷಧಿ ಕೊಟ್ಟು ಸುಮ್ಮನಿರಿಸಿದರು. ಈಗಲೂ ಚಳಿಗಾಲದಲ್ಲಿ ಅಂಗೈ ಬಿರಿಯುತ್ತದೆ. ಟೈಪಿಂಗ್ ಬಿಟ್ಟೆ. ಕಂಪ್ಯೂಟರ್ ಬಂದು ಇನ್‌ಸ್ಟಿಟ್ಯೂಟೇ ಮುಚ್ಚಿತು, ಆ ಮಾತು ಬೇರೆ.

ಕೆಲವು ದಿನಗಳಾದ ಮೇಲೆ ಅಕ್ಕ ಹಟ್ಟಿಗೆ ಹೋದಳು, ನಾನು ತಿಪಟೂರಿಗೆ ಬಂದೆ. ಅವಳ ಪ್ರಶ್ನೆ ನನ್ನ ಜೊತೆ ಬಂತು. ಅಡಿಗೆ ಮಾಡುವಾಗ, ಬಟ್ಟೆ ಒಣಗಹಾಕುವಾಗ ಕಿವಿಯಲ್ಲಿ ಅದೇ. ಅವಳ ರಕ್ತದಿಂದ ನಾನು ಉಳಿದೆ. ಅವಳ ಮಡಿಲಲ್ಲಿದ್ದ ಮಗು ಉಳಿಯಲಿಲ್ಲ. ಹದಿನಾಲ್ಕು ವರ್ಷ ಅವಳು ಆ ಮಗುವಿಗಾಗಿ ಬಾಯಿ ಮುಚ್ಚಿಕೊಂಡು ಹಂಬಲಿಸಿದ್ದಾಳೆ, ಈಗ ಅದರ ಜೊತೆಗೆ ಇನ್ನೊಂದು ಮುಳ್ಳನ್ನು ನಾನೇ ಚುಚ್ಚಿದಂತಾಯಿತಲ್ಲ ಅನ್ನಿಸುತ್ತಿತ್ತು.

ವರ್ಷದ ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಮಗುವಿಗೆ ಯಾವಾಗ, ಅಕ್ಕನಿಗೆ ಯಾವಾಗ ಎಂದು ವಿಚಾರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ಪುಷ್ಪ ತಿರುಗಿಸಿ ಹೇಳಿದ್ದನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡು, ಒಂದಕ್ಷರ ತಪ್ಪಿಲ್ಲ ತಾನೇ ಎಂದು ಎರಡು ಸಲ ಓದಿ ತೋರಿಸಿದೆ.

ವಾಪಸು ಬಂದ ವಾರವೇ ಹುಳಿಯಾರು ಬಸ್ಸು ಹತ್ತಿ ಹಟ್ಟಿಗೆ ಹೋದೆ. ಅಕ್ಕ ಅಂಗಳದಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಗಂಡ ಕುರಿಯ ಹಿಂದೆ ಹೋಗಿದ್ದ, ಹೆಣ್ಣುಮಕ್ಕಳು ಸ್ಕೂಲಿಗೆ. ನಾನು ಪಕ್ಕದಲ್ಲಿ ಕೂತೆ.

“ಅಕ್ಕಾ, ನೀನು ಕೇಳಿದ್ದನ್ನ ಡಾಕ್ಟರಮ್ಮನ ಹತ್ರ ಕೇಳ್ದೆ.”

ಅವಳು ಬಡಿಯುತ್ತಲೇ ಇದ್ದಳು.

“ಹೊಸದಾಗಿ ಬಂದದ್ದನ್ನ ಗುರುತು ಹಿಡಿದು ಹೋರಾಡೋದನ್ನ ರಕ್ತ ಕಲೀಬೇಕಂತೆ. ಅದಕ್ಕೆ ಎರಡು ವಾರವಾದ್ರೂ ಬೇಕಂತೆ. ಅವನಿಗೆ ಬಂದಾಗ ನಿನ್ನ ರಕ್ತಕ್ಕೆ ಅವಳ ಪರಿಚಯವೇ ಇರ್ಲಿಲ್ಲ. ಅವನ ಹಿಂದೆಯೇ ನೀನೂ ಮಲಗಿದ್ದೆ. ನೀನು ಕಲಿತು ಎದ್ದೆ, ಅಷ್ಟರಲ್ಲಿ ಅವನು ಹೋಗಿದ್ದ. ಕೊಡೋಕೆ ನಿನ್ನ ಹತ್ರ ಅವತ್ತು ಏನೂ ಇರ್ಲಿಲ್ಲ ಕಣಕ್ಕಾ. ಇಟ್ಕೊಂಡು ಕೊಡದೇ ಇದ್ದದ್ದಲ್ಲ.”

ಅಕ್ಕನ ಕೈ ನಿಂತಿತು.

“ಇನ್ನೊಂದ್ ಕಿತ ಯೋಳು.”

ಚೀಟಿ ತೆಗೆದು ಇನ್ನೊಂದು ಸಲ ಓದಿದೆ. ಅವಳು ಕೇಳುತ್ತಾ ಕೂತಿದ್ದಳು. ಕೊಡತಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಅವಳ ಬಾಯಿಂದ ಹೊರಟ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವ್ವ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಎದೆ ಎದೆ ಬಡಿದುಕೊಂಡು ಅತ್ತಳು. ನಾನು ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ.

ಹಟ್ಟಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು. ಹಿಟ್ಟಿನ ಕೈಯಲ್ಲೇ ಬಂದ ಮುದುಕಿಯೊಬ್ಬಳು, “ಯಾರೇ ಗಂಗವ್ವ? ಯಾರೇ ಹೋದ್ರು?” ಎಂದು ಕೂಗಿದಳು.

“ನನ್ ಮಗ ಕಣ್ರವ್ವಾ” ಅಂದಳು ಅಕ್ಕ. “ನನ್ ಈರ. ನನ್ ಈರಣ್ಣ ಹೋದ.”

ಮುದುಕಿ ನಿಂತಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅಕ್ಕನ ಪಕ್ಕ ಕೂತು ತಾನೂ ದನಿ ತೆಗೆದಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಯಾವಾಗ ಹೋದ ಎಂದು ಯಾರೂ ಕೇಳಲಿಲ್ಲ.